ಸಣ್ಣ ಕಂಪನಿಯೂ ಗಿರಾಕಿಯ ಗುಟ್ಟೂ

ಶಾಲೆಯ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಉಪಯುಕ್ತವಾಗತಕ್ಕ ವಿಷಯವೊಂದನ್ನು ಬರೆದುಕೊಡಬೇಕೆಂದು ಸಂಪಾದಕಮಂಡಲಿಯವರು ಕೇಳಿಕೊಂಡುದರಿಂದ ನಾವು ಈ ವಿಷಯವನ್ನು ಆರಿಸಿಕೊಂಡೆವು. ಮಿಶನ್ ಶಾಲೆಗಳಲ್ಲಿ ಕಲಿತುಹೋದವರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಆಗಿ ಸೇವೆಮಾಡುವವರು ಮೊದಲಿನಿಂದಲೂ ಉಂಟು. ಈಗೀಗ ಸ್ವಂತ ಉದ್ಯಮವನ್ನು ಹೂಡಿ, ಹತ್ತು ಹನ್ನೆರಡು ಮಂದಿಗೆ ಕೆಲಸ ಕೊಟ್ಟು ನಡೆಸುವವರೂ ಹೆಚ್ಚುತ್ತಿದ್ದಾರೆ: ಒಬ್ಬರದು ಹೊಲಿಗೆಯ ಕಂಪನಿ, ಮತ್ತೊಬ್ಬರದು ಬೇಕರಿ, ಇನ್ನೊಬ್ಬರದು ರಕ್ತಪರೀಕ್ಷೆಯ ಲ್ಯಾಬೊರೇಟರಿ. ಇಂಥವರೆಲ್ಲರ ಮೇಜಿನ ಮೇಲೆಯೂ ಒಂದು ಕಂಪ್ಯೂಟರು ಇದೆ. ಅದರೊಳಗೆ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರುಗಳು ಇವೆ. ಅವುಗಳನ್ನು ಹೇಗೆ ಇಟ್ಟುಕೊಳ್ಳತಕ್ಕದ್ದು, ಯಾರಿಗೆ ತೋರಿಸತಕ್ಕದ್ದು, ಯಾವಾಗ ಅಳಿಸತಕ್ಕದ್ದು ಎಂಬುದನ್ನು ವ್ಯಾಪಾರ ಕಲಿಸುವವರು ಬಹುಮಟ್ಟಿಗೆ ಹೇಳಿಕೊಡುವುದಿಲ್ಲ.

ಮಾತು ಬರಿದಾಗದಂತೆ ಒಂದು ಕಂಪನಿಯನ್ನೇ ಕಣ್ಣೆದುರಿಗೆ ನಿಲ್ಲಿಸಿಕೊಳ್ಳೋಣ. ಇದು ಕಲ್ಪಿತವಾದುದೇ; ಆದರೂ ಇಂಥವು ಪ್ರತಿಯೊಂದು ಪಟ್ಟಣದಲ್ಲಿಯೂ ಇವೆ. ಮೂರು ನಾಲ್ಕು ಹೆಣ್ಣುಮಕ್ಕಳ ಶಾಲೆಗಳಿಗೆ ಸಮವಸ್ತ್ರವನ್ನು ಹೊಲಿದುಕೊಡುವ ಕಂಪನಿ ಅದು. ಶಾಲೆ ತೆರೆಯುವ ಕಾಲಕ್ಕೆ ಅದರ ಬಾಗಿಲಲ್ಲಿ ತಾಯಂದಿರ ಸಾಲು ನಿಲ್ಲುತ್ತದೆ. ಹುಡುಗಿಯ ಹೆಸರು, ತರಗತಿ, ಶಾಲೆ, ತಂದೆಯ ಹೆಸರು, ತಾಯಿಯ ಫೋನ್ ನಂಬರು, ಮನೆಯ ವಿಳಾಸ ಇವೆಲ್ಲವನ್ನೂ ಬರೆದುಕೊಂಡು, ಆಮೇಲೆ ಎದೆ, ಸೊಂಟ, ಎತ್ತರ, ಲಂಗದ ಉದ್ದ ಎಂದು ಅಳತೆ ತೆಗೆಯುತ್ತಾರೆ. ಕಳೆದ ವರ್ಷದ ಅಳತೆಯೂ ಅದರ ಹಿಂದಿನ ವರ್ಷದ ಅಳತೆಯೂ ಅಲ್ಲಿಯೇ ಇರುತ್ತವೆ. ಅಂಗಿಯು ಸರಿಹೋಗಲಿಲ್ಲವೆಂದು ತಾಯಿಯು ಮಗಳ ಫೋಟೋವನ್ನು ತೆಗೆದು ಕಳುಹಿಸಿದ್ದರೆ ಅದೂ ಯಾವುದೋ ಫೋನಿನಲ್ಲಿ ಉಳಿದಿರುತ್ತದೆ. ಒಂದೊಂದಾಗಿ ನೋಡಿದರೆ ಇವೆಲ್ಲ ಕ್ಷುಲ್ಲಕವಾದ ವಿವರಗಳು. ಒಟ್ಟಾಗಿ ಕೂಡಿಸಿದರೆ ಹದಿನಾಲ್ಕು ವರುಷದ ಹುಡುಗಿಯೊಬ್ಬಳು ಹೇಗಿದ್ದಾಳೆ, ಎಲ್ಲಿ ಓದುತ್ತಾಳೆ, ಎಲ್ಲಿ ವಾಸಿಸುತ್ತಾಳೆ ಎಂಬ ಪೂರ್ಣಚಿತ್ರವು ಅಪರಿಚಿತನ ಕೈಗೆ ಸಿಕ್ಕಹಾಗಾಗುತ್ತದೆ.

ವೈದ್ಯರಿಗೂ ವಕೀಲರಿಗೂ ಪಾದ್ರಿಗಳಿಗೂ ಪರರ ಗುಟ್ಟನ್ನು ಕಾಪಾಡುವ ಕಟ್ಟಳೆಯು ಪೂರ್ವದಿಂದಲೂ ಇದೆ. ದರ್ಜಿಗೆ ಅಂಥ ಕಟ್ಟಳೆ ಇರಲಿಲ್ಲ. ಅಷ್ಟಾಗಿ ಬೇಕಾಗಿಯೂ ಇರಲಿಲ್ಲ. ಯಾಕಂದರೆ ಅವನ ಅಳತೆಯ ಪುಸ್ತಕವು ಅವನ ಮೇಜಿನ ಖಾನೆಯಲ್ಲಿಯೇ ಇರುತ್ತಿತ್ತು, ಅದರ ಬರಹವನ್ನು ಅವನ ಹೊರತು ಮತ್ತಾರೂ ಓದಲಾರರು. ಕಂಪ್ಯೂಟರು ಬಂದಮೇಲೆ ಈ ಎರಡು ರಕ್ಷಣೆಗಳೂ ಇಲ್ಲವಾದುವು. ಸಾವಿರ ಹುಡುಗಿಯರ ವಿವರವು ಒಂದು ನಿಮಿಷದಲ್ಲಿ ನಕಲಾಗಿ ಊರಾಚೆಗೆ ಹೋಗಬಲ್ಲದು. ಅದರಲ್ಲಿಯೂ ಕೆಟ್ಟದ್ದೇನಂದರೆ, ಸೀರೆ ಕಳುವಾದರೆ ಬೀರು ಬರಿದಾಗಿ ಕಾಣುತ್ತದೆ. ವಿವರ ಕಳುವಾದರೆ ಇದ್ದಲ್ಲಿಯೇ ಇದ್ದಂತೆ ಕಾಣುತ್ತದೆ. ಯಜಮಾನಿಗೆ ತಿಂಗಳುಗಟ್ಟಲೆ ಸುಳಿವೇ ಸಿಕ್ಕದು.

ಆದಕಾರಣ ಮೊದಲು ತಿಳಿಯತಕ್ಕದ್ದೇನಂದರೆ, ಕಂಪನಿಯ ಕಂಪ್ಯೂಟರಿನಲ್ಲಿರುವ ಗಿರಾಕಿಯ ವಿವರವು ಕಂಪನಿಯ ಸೊತ್ತಲ್ಲ. ಅದು ಗಿರಾಕಿಯು ಒಂದು ಕೆಲಸಕ್ಕಾಗಿ ಒಪ್ಪಿಸಿಕೊಟ್ಟ ಇಡುಗಂಟು. ಸತ್ಯವೇದವನ್ನು ಓದಿ ಬೆಳೆದ ನಮ್ಮ ವಾಚಕರಿಗೆ ‘ಮನೆವಾರ್ತೆಯವನು’ ಎಂಬ ಮಾತು ಪರಿಚಿತವಾದುದೇ. ಯಜಮಾನನ ಬದುಕನ್ನು ಅವನು ನೋಡಿಕೊಳ್ಳುತ್ತಾನೆ, ಆದರೆ ಅದು ಅವನದಲ್ಲ. ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಗಿರಾಕಿಗಳ ವಿವರವನ್ನಿಟ್ಟುಕೊಂಡ ಕಂಪನಿಯ ಸ್ಥಾನವು ಅಂಥದೇ ಎಂದು ತಿಳಿದುಕೊಂಡರೆ, ಮುಂದೆ ಹೇಳುವ ನಿಯಮಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಳೆಯುತ್ತವೆ.

ಅಪಾಯವು ದೂರದ ದೇಶದ ಕಂಪ್ಯೂಟರು ಕಳ್ಳರಿಂದಲೇ ಬರುವುದೆಂದು ಅನೇಕರು ಭಾವಿಸಿದ್ದಾರೆ. ಅಂಥವರೂ ಇದ್ದಾರೆ. ಆದರೆ ೨೦೧೭ನೆಯ ಇಸವಿಯಲ್ಲಿ ಉತ್ತರಪ್ರದೇಶದಿಂದ ಪತ್ರಿಕೆಗಳಲ್ಲಿ ಬಂದ ಒಂದು ವರದಿಯು ಬೇರೆ ಕಥೆಯನ್ನು ಹೇಳಿತು. ಅಲ್ಲಿ ಮೊಬೈಲಿಗೆ ಹಣ ತುಂಬಿಸಿಕೊಡುವ ಸಣ್ಣ ಅಂಗಡಿಗಳಿಗೆ ಹೋದ ಹುಡುಗಿಯರು ತಮ್ಮ ನಂಬರನ್ನು ಹೇಳಿ ಬರುತ್ತಿದ್ದರು. ಕೆಲವು ಅಂಗಡಿಯವರು ಆ ನಂಬರುಗಳನ್ನು ಬರೆದಿಟ್ಟು ಪುಂಡರಿಗೆ ಮಾರುತ್ತಿದ್ದರು. ರೂಪಿನ ಮೇಲೆ ಬೆಲೆ ಕಟ್ಟುತ್ತಿದ್ದರೆಂದೂ ವರದಿಯಾಗಿತ್ತು. ಆಮೇಲೆ ಆ ಹುಡುಗಿಯರಿಗೆ ಹೊತ್ತುಗೊತ್ತಿಲ್ಲದೆ ಕರೆಗಳು ಬರುತ್ತಿದ್ದುವು. ಅಲ್ಲಿಯ ಪೊಲೀಸರು ಸ್ತ್ರೀಯರಿಗಾಗಿ ನಡೆಸುತ್ತಿದ್ದ ೧೦೯೦ ಎಂಬ ಸಹಾಯದ ನಂಬರಿಗೆ ಬಂದ ದೂರುಗಳಲ್ಲಿ ಫೋನಿನ ಪೀಡೆಯದೇ ದೊಡ್ಡ ಪಾಲು. ಇದಕ್ಕೆ ಯಾವ ಯಂತ್ರವಿದ್ಯೆಯೂ ಬೇಕಾಗಲಿಲ್ಲ. ಒಂದು ನೋಟ್‌ಪುಸ್ತಕವೂ ಒಂದು ಪೆನ್ಸಿಲೂ ಸಾಕಾದುವು. ಹುಡುಗಿಯರ ವಿವರವನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬ ಯಜಮಾನಿಯೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕಾನೂನಿನ ಮಾತನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ವರುಷ ದಾಟಿದಮೇಲೆ, ೨೦೧೨ರಲ್ಲಿ, ಆಧಾರ್ ಯೋಜನೆಯ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ ಹುಟ್ಟಿದ ಪ್ರಶ್ನೆಯೊಂದಕ್ಕೆ ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಮತದಿಂದ ಉತ್ತರ ಕೊಟ್ಟರು: ಮನುಷ್ಯನ ಖಾಸಗಿ ಬದುಕಿನ ರಕ್ಷಣೆಯು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರ ಹೆಸರು ಆ ತೀರ್ಪಿನೊಡನೆ ಶಾಶ್ವತವಾಗಿ ಸೇರಿಕೊಂಡಿತು. ಇದರ ಬೆನ್ನಿಗೆ ೨೦೨೩ನೆಯ ಆಗಸ್ಟಿನಲ್ಲಿ ವೈಯಕ್ತಿಕ ವಿವರಗಳ ರಕ್ಷಣೆಗಾಗಿಯೇ ಒಂದು ಕಾಯಿದೆಯಾಯಿತು. ೨೦೨೫ನೆಯ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದುವು. ಸಿದ್ಧತೆಗೆಂದು ಹದಿನೆಂಟು ತಿಂಗಳ ಅವಕಾಶವನ್ನು ಕೊಟ್ಟಿರುವುದರಿಂದ, ಕಂಪನಿಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರುವ ಗಡುವು ೨೦೨೭ನೆಯ ಮೇ ತಿಂಗಳು. ತಕ್ಕ ರಕ್ಷಣೆಯಿಲ್ಲದೆ ವಿವರಗಳನ್ನು ಸೋರಗೊಟ್ಟವರಿಗೆ ೨೫೦ ಕೋಟಿ ರೂಪಾಯಿಗಳ ವರೆಗೆ ದಂಡ ಹಾಕಬಹುದೆಂದು ಅದರಲ್ಲಿದೆ. ಹೊಲಿಗೆಯ ಕಂಪನಿಗೆ ಅಷ್ಟು ದಂಡ ಬೀಳಲಾರದು. ಆದರೂ, ನಾವು ಸಣ್ಣವರು, ನಮ್ಮನ್ನು ಯಾರು ಕೇಳುತ್ತಾರೆ ಎಂಬ ಸಮಾಧಾನಕ್ಕೆ ಎಡೆಯಿಲ್ಲ.

ಇನ್ನು ಕೆಲಸಕ್ಕೆ ಬರೋಣ. ವಿವರವನ್ನು ಕಾಪಾಡುವ ಅತ್ಯುತ್ತಮವಾದ ಮಾರ್ಗವು ಬೀಗವಲ್ಲ, ಬೇಡದ್ದನ್ನು ತೆಗೆದುಕೊಳ್ಳದಿರುವುದೇ. ಇಲ್ಲದ ಒಡವೆಯನ್ನು ಯಾರೂ ಕದಿಯಲಾರರು. ಕಂಪನಿಯ ಯಜಮಾನಿಯು ತನ್ನ ಆರ್ಡರು ಪತ್ರವನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಕಲಮಿಗೂ ‘ಇದಿಲ್ಲದೆ ಅಂಗಿ ಹೊಲಿಯಲಾಗುವುದಿಲ್ಲವೇ?’ ಎಂದು ಕೇಳಿಕೊಳ್ಳಲಿ. ಹುಟ್ಟಿದ ತಾರೀಖು ಏತಕ್ಕೆ? ತಂದೆಯ ಉದ್ಯೋಗ ಏತಕ್ಕೆ? ಜಾತಿಮತಗಳ ಕಲಮು ಏತಕ್ಕೆ? ಅವು ಮತ್ತೊಂದು ಕಡೆಯ ಪತ್ರದಿಂದ ನಕಲಾಗಿ ಬಂದವು. ಅಚ್ಚಾಗಿದೆಯೆಂಬ ಒಂದೇ ಕಾರಣದಿಂದ ತುಂಬಿಸಿಕೊಳ್ಳುತ್ತಿದ್ದಾರೆ. ಸಾಮಾನನ್ನು ಅಂಗಡಿಗೇ ಬಂದು ಒಯ್ಯುವವರಿಂದ ಮನೆಯ ವಿಳಾಸವನ್ನು ಕೇಳಬೇಕಾದುದಿಲ್ಲ. ಆಧಾರ್ ಕಾರ್ಡಿನ ನಕಲಂತೂ ಸಮವಸ್ತ್ರಕ್ಕೆ ಸರ್ವಥಾ ಬೇಡ. ಬೇರೆ ಯಾವುದಾದರೂ ಉದ್ಯಮದಲ್ಲಿ ಗುರುತಿನ ಪತ್ರವು ನಿಜವಾಗಿ ಬೇಕಾದರೆ, ಹನ್ನೆರಡು ಅಂಕೆಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ, ಉಳಿದವನ್ನು ಮರೆಮಾಡಿದ ಆಧಾರ್ ಪತ್ರವು ದೊರೆಯುತ್ತದೆ, ಅದನ್ನೇ ಕೊಡಬಹುದು. ಬ್ಯಾಂಕಿನ ಕಾರ್ಡುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕೇ ಈ ನಿಯಮವನ್ನು ಮಾಡಿದೆ. ೨೦೨೨ನೆಯ ಅಕ್ಟೋಬರ್ ೧ರಿಂದ ವ್ಯಾಪಾರಿಗಳು ಗಿರಾಕಿಯ ಕಾರ್ಡಿನ ಪೂರ್ತಿ ನಂಬರನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದು. ಅದಕ್ಕೆ ಬದಲಾಗಿ ಬೇರೆಲ್ಲಿಯೂ ಚಲಾವಣೆಯಾಗದ ಒಂದು ಬದಲಿ ಸಂಖ್ಯೆಯು ಸಿಗುತ್ತದೆ.

ತೆಗೆದುಕೊಂಡುದನ್ನು ಕಂಪನಿಯೊಳಗೆ ಹಂಚುವುದರಲ್ಲಿಯೂ ವಿವೇಕ ಬೇಕು. ಕತ್ತರಿ ಹಿಡಿದವನಿಗೆ ಅಳತೆ ಬೇಕು, ಹೆಸರು ಬೇಡ. ಮನೆಗೆ ಒಯ್ದುಕೊಡುವ ಹುಡುಗನಿಗೆ ವಿಳಾಸ ಬೇಕು, ಅಳತೆ ಬೇಡ. ಲೆಕ್ಕ ಬರೆಯುವವಳಿಗೆ ಹಣದ ಮೊತ್ತ ಬೇಕು, ಇವೆರಡೂ ಬೇಡ. ಪ್ರತಿಯೊಂದು ಆರ್ಡರಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅಳತೆಯ ಚೀಟಿಯ ಮೇಲೆ ಆ ಸಂಖ್ಯೆಯನ್ನು ಮಾತ್ರ ಬರೆದರೆ ಚೀಟಿಯು ಬೀದಿಯಲ್ಲಿ ಬಿದ್ದರೂ ಅದು ಯಾರದೆಂದು ತಿಳಿಯದು. ಸಂಖ್ಯೆಗೂ ಹೆಸರಿಗೂ ಸಂಬಂಧವನ್ನು ತೋರಿಸುವ ಪಟ್ಟಿಯು ಯಜಮಾನಿಯ ಬಳಿಯೂ ಮತ್ತೊಬ್ಬ ನಂಬಿಗಸ್ತರ ಬಳಿಯೂ ಇದ್ದರೆ ಸಾಕು. ಇದಕ್ಕೆ ಕಾಸಿನ ಖರ್ಚಿಲ್ಲ; ಆದರೂ ಇದನ್ನು ಮಾಡುವವರು ವಿರಳ. ಹೆಚ್ಚಿನ ಕಡೆಗಳಲ್ಲಿ ನಡೆಯುವುದೇನಂದರೆ, ವಾಟ್ಸಾಪಿನಲ್ಲಿ ಒಂದು ಗುಂಪನ್ನು ಮಾಡಿ, ಹೆಸರು ವಿಳಾಸ ಅಳತೆ ಫೋಟೋ ಎಲ್ಲವನ್ನೂ ಅದರೊಳಗೆ ಸುರಿಯುತ್ತಾರೆ. ಹನ್ನೆರಡು ಮಂದಿಯ ಫೋನಿನಲ್ಲಿ ಹನ್ನೆರಡು ನಕಲುಗಳು ಉಳಿಯುತ್ತವೆ. ಅವರಲ್ಲಿ ಒಬ್ಬನು ಕೆಲಸ ಬಿಟ್ಟು ಹೋದರೆ ಫೋನೂ ಅವನ ಸಂಗಡ ಹೋಗುತ್ತದೆ. ಆ ಫೋನನ್ನು ಅವನ ಮನೆಯಲ್ಲಿ ಯಾರು ಯಾರು ಹಿಡಿಯುವರೋ ಬಲ್ಲವರಾರು? ಕೆಲಸ ಬಿಡುವವರಿಂದ ಅಂಗಡಿಯ ಬೀಗದಕೈಯನ್ನು ಕೇಳಿ ಪಡೆಯಲು ಯಾರೂ ಮರೆಯುವುದಿಲ್ಲ. ಕಂಪ್ಯೂಟರಿನ ಪಾಸ್‌ವರ್ಡನ್ನು ಅದೇ ದಿವಸ ಬದಲಾಯಿಸಲು ಮಾತ್ರ ಎಲ್ಲರೂ ಮರೆಯುತ್ತಾರೆ.

ಪಾಸ್‌ವರ್ಡಿನ ವಿಷಯವು ವಿಸ್ತಾರವಾಗಿ ಹೇಳತಕ್ಕದ್ದು, ಯಾಕಂದರೆ ಅದರ ಒಳಮರ್ಮವನ್ನು ತಿಳಿದವರು ಕಡಿಮೆ. ತಾಯಂದಿರು ಮನೆಯಿಂದಲೇ ಆರ್ಡರು ಮಾಡಲೆಂದು ನಮ್ಮ ಕಂಪನಿಯು ಒಂದು ವೆಬ್‌ಸೈಟನ್ನು ಮಾಡಿಸಿದೆಯೆಂದು ಎಣಿಸೋಣ. ಪ್ರತಿಯೊಬ್ಬರೂ ಅಲ್ಲಿ ಒಂದು ಪಾಸ್‌ವರ್ಡನ್ನು ಇಟ್ಟುಕೊಳ್ಳುತ್ತಾರೆ. ಸರಿಯಾಗಿ ನಡೆಯುವ ಕಂಪನಿಯು ಆ ಪಾಸ್‌ವರ್ಡನ್ನು ತಾನೇ ಅರಿಯದು! ಇದು ಹೇಗೆಂದರೆ, ರಾಗಿಯನ್ನು ಬೀಸಿ ಹಿಟ್ಟು ಮಾಡಿದಮೇಲೆ ಹಿಟ್ಟಿನಿಂದ ಮರಳಿ ರಾಗಿಯನ್ನು ಮಾಡಲಾಗದಷ್ಟೆ. ಅದರಂತೆಯೇ ಪಾಸ್‌ವರ್ಡನ್ನು ಗಣಿತದ ಬೀಸುವಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಕಂಪನಿಯವರು ಇಟ್ಟುಕೊಳ್ಳುತ್ತಾರೆ. ಮರುದಿನ ತಾಯಿಯು ಪಾಸ್‌ವರ್ಡನ್ನು ಬರೆದಾಗ ಅದನ್ನೂ ಬೀಸಿ, ಎರಡು ಹಿಟ್ಟುಗಳೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಕಳ್ಳನು ಒಳಹೊಕ್ಕರೂ ಹಿಟ್ಟೇ ಸಿಕ್ಕುವುದು.

ಆದರೆ ಕಳ್ಳರೂ ದಡ್ಡರಲ್ಲ. ಜನರು ಸಾಮಾನ್ಯವಾಗಿ ಇಡುವ ಲಕ್ಷಾಂತರ ಪಾಸ್‌ವರ್ಡುಗಳನ್ನು ಅವರು ಮುಂಚೆಯೇ ಬೀಸಿಟ್ಟುಕೊಂಡು, ಸಿಕ್ಕಿದ ಹಿಟ್ಟನ್ನು ಅವುಗಳೊಂದಿಗೆ ಹೋಲಿಸಿ ನೋಡುತ್ತಾರೆ. ಇದನ್ನು ತಡೆಯುವುದಕ್ಕಾಗಿ ಬೀಸುವ ಮುಂಚೆ ಪ್ರತಿಯೊಬ್ಬ ಗಿರಾಕಿಯ ಪಾಸ್‌ವರ್ಡಿಗೂ ಬೇರೆಬೇರೆಯಾದ ಕೆಲವು ಅಕ್ಷರಗಳನ್ನು ಸೇರಿಸುತ್ತಾರೆ. ಕಂಪ್ಯೂಟರು ಪಂಡಿತರು ಇದಕ್ಕೆ ಇಟ್ಟಿರುವ ಹೆಸರು ‘ಸಾಲ್ಟ್’, ಅಂದರೆ ಉಪ್ಪು. ಅಡಿಗೆಮನೆಯ ಉಪಮಾನವು ನಮ್ಮೊಬ್ಬರದೇ ಅಲ್ಲವೆಂದು ಸಂತೋಷ. ಇಬ್ಬರು ತಾಯಂದಿರು ಒಂದೇ ಪಾಸ್‌ವರ್ಡನ್ನು ಇಟ್ಟಿದ್ದರೂ ಉಪ್ಪು ಬೇರೆಯಾದುದರಿಂದ ಹಿಟ್ಟು ಬೇರೆಯಾಗುತ್ತದೆ. ಕಳ್ಳನು ಮುಂಚೆ ಬೀಸಿಟ್ಟುದೆಲ್ಲ ನಿಷ್ಪ್ರಯೋಜಕವಾಗುತ್ತದೆ. ಉಪ್ಪು ಹಾಕದ ಫಲವನ್ನು ದೊಡ್ಡವರೇ ಉಂಡಿದ್ದಾರೆ. ಅಮೆರಿಕದ ಲಿಂಕ್ಡ್‌ಇನ್ ಕಂಪನಿಯಿಂದ ೨೦೧೨ರಲ್ಲಿ ಪಾಸ್‌ವರ್ಡುಗಳು ಕಳುವಾದುವು. ಅವು ಬೀಸಿದವೇ, ಆದರೆ ಉಪ್ಪಿಲ್ಲದವು. ಮೊದಲು ಹೊರಬಿದ್ದುದು ಸುಮಾರು ೬೫ ಲಕ್ಷ. ನಾಲ್ಕು ವರ್ಷಗಳಾದಮೇಲೆ ೨೦೧೬ರಲ್ಲಿ ಆ ಸಂಖ್ಯೆಯು ೧೧ ಕೋಟಿಗೂ ಮೇಲೆಂದು ತಿಳಿದುಬಂತು.

ತಾಯಿತಂದೆಗಳು ಒಂದು ಕಂಪನಿಯನ್ನು ಪರೀಕ್ಷಿಸಲು ಇಲ್ಲಿ ಸುಲಭವಾದ ಉಪಾಯವುಂಟು. ಪಾಸ್‌ವರ್ಡು ಮರೆತುಹೋಯಿತೆಂದು ತಿಳಿಸಿರಿ. ಹೊಸದನ್ನು ಮಾಡಿಕೊಳ್ಳಿರೆಂದು ದಾರಿ ತೋರಿಸಿದರೆ ಸರಿ. ನಿಮ್ಮ ಹಳೆಯ ಪಾಸ್‌ವರ್ಡನ್ನೇ ಬರೆದು ಕಳುಹಿಸಿದರೆ, ಅವರು ರಾಗಿಯನ್ನು ರಾಗಿಯಾಗಿಯೇ ಬಾಗಿಲಲ್ಲಿ ಇಟ್ಟುಕೊಂಡಿದ್ದಾರೆಂದು ತಿಳಿಯತಕ್ಕದ್ದು. ಬ್ಯಾಂಕಿಗೂ ಅಂಚೆಪೆಟ್ಟಿಗೆಗೂ ಅಂಗಡಿಗೂ ಒಂದೇ ಪಾಸ್‌ವರ್ಡನ್ನು ಇಡುವ ಅಭ್ಯಾಸವಿರುವವರು ಅದೇ ದಿನ ಅದನ್ನು ಬದಲಾಯಿಸಿಕೊಳ್ಳಲಿ. ಕಂಪನಿಯ ಒಳಗಿನವರಿಗಂತೂ ಪಾಸ್‌ವರ್ಡೊಂದೇ ಸಾಲದು. ಬ್ಯಾಂಕಿನ ಲಾಕರು ಬ್ಯಾಂಕಿನವರ ಕೈಯೂ ನಮ್ಮ ಕೈಯೂ ಕೂಡಿದರೇ ತೆರೆಯುವಂತೆ, ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಸಂಖ್ಯೆಯನ್ನೂ ಕೇಳುವ ಏರ್ಪಾಡು ಈಗ ಎಲ್ಲೆಡೆಯಲ್ಲಿಯೂ ದೊರೆಯುತ್ತದೆ.

ವಿವರವು ಇದ್ದಲ್ಲಿ ಮಾತ್ರವಲ್ಲ, ದಾರಿಯಲ್ಲಿಯೂ ಕಾಪಾಡಲ್ಪಡಬೇಕು. ಅಂಚೆಯ ಕಾರ್ಡನ್ನು ದಾರಿಯುದ್ದಕ್ಕೂ ಯಾರು ಬೇಕಾದರೂ ಓದಬಹುದು. ಅಂಟಿಸಿದ ಲಕೋಟೆಯನ್ನು ಓದಲಾಗದು. ಕಂಪ್ಯೂಟರಿನಲ್ಲಿ ಲಕೋಟೆಯ ಕೆಲಸವನ್ನು ಗೂಢಲಿಪಿಯು ಮಾಡುತ್ತದೆ. ಕೀಲಿಯಿಲ್ಲದವರಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ವೆಬ್‌ಸೈಟು ಈ ಲಕೋಟೆಯನ್ನು ಬಳಸದಿದ್ದರೆ ಬ್ರೌಸರೇ ಎಚ್ಚರಿಸುತ್ತದೆ. ಆದರೆ ಲಕೋಟೆಯು ದಾರಿಯನ್ನು ಕಾಯುವುದೇ ಹೊರತು ತಲಪಿದ ಮನೆಯ ಒಳ್ಳೆತನಕ್ಕೆ ಸಾಕ್ಷಿಯಲ್ಲ. ಮೋಸಗಾರರೂ ಲಕೋಟೆಯನ್ನು ಅಂಟಿಸಬಲ್ಲರು. ವಿವರಗಳನ್ನು ‘ಕ್ಲೌಡ್’ ಎಂಬಲ್ಲಿ ಇಟ್ಟಿದ್ದೇವೆಂದು ಹೇಳುವವರು ತಿಳಿಯಬೇಕಾದುದು ಇಷ್ಟೇ: ಅದು ಮೋಡವಲ್ಲ, ಬೇರೊಬ್ಬರ ಕಂಪ್ಯೂಟರು. ಅಲ್ಲಿಟ್ಟರೂ ಗಿರಾಕಿಗೆ ಉತ್ತರ ಹೇಳಬೇಕಾದವರು ಇಟ್ಟವರೇ ಎಂದು ೨೦೨೩ರ ಕಾಯಿದೆಯು ಹೇಳುತ್ತದೆ.

ಕೆಲಸ ತೀರಿದಮೇಲೆ ವಿವರವನ್ನು ಅಳಿಸುವುದು ಎಲ್ಲರಿಗೂ ಕಷ್ಟವಾಗಿ ತೋರುತ್ತದೆ. ‘ಎಂದಾದರೂ ಬೇಕಾದೀತು’ ಎಂಬುದು ನಮ್ಮ ಮನೆಗಳ ಅಟ್ಟವನ್ನು ತುಂಬಿಸಿದ ಮಾತು. ಕಂಪ್ಯೂಟರನ್ನೂ ಅದೇ ತುಂಬಿಸುತ್ತದೆ. ಬಿಲ್ಲುಗಳನ್ನು ತೆರಿಗೆಯವರಿಗಾಗಿ ಇಟ್ಟುಕೊಳ್ಳಲೇಬೇಕು: ಜಿ.ಎಸ್.ಟಿ. ಕಾಯಿದೆಯ ಪ್ರಕಾರ ವಾರ್ಷಿಕ ಲೆಕ್ಕವನ್ನೊಪ್ಪಿಸುವ ಗಡುವಿನಿಂದ ೭೨ ತಿಂಗಳು. ಆದರೆ ಬಿಲ್ಲಿನಲ್ಲಿ ಹುಡುಗಿಯ ಸೊಂಟದ ಅಳತೆ ಇರುವುದಿಲ್ಲ. ಅಳತೆಯು ಆ ವರ್ಷಕ್ಕೆ ಮಾತ್ರ. ಬೆಳೆಯುವ ಮಗುವಿಗೆ ಕಳೆದ ವರ್ಷದ ಅಳತೆಯಿಂದ ಏನು ಪ್ರಯೋಜನ? ಶಾಲೆ ತೆರೆದು ಬದಲಾವಣೆಯ ಬಟ್ಟೆಗಳೂ ಮುಗಿದಮೇಲೆ ಅಳತೆಗಳನ್ನೂ ಫೋಟೋಗಳನ್ನೂ ಅಳಿಸುವುದಕ್ಕೆ ಒಂದು ದಿನವನ್ನು ಗೊತ್ತುಮಾಡಿಕೊಂಡರೆ ಲೇಸು. ಅಳಿಸುವುದೆಂಬುದರಲ್ಲಿಯೂ ಒಂದು ಮೋಸವಿದೆ. ಕಂಪ್ಯೂಟರಿನಲ್ಲಿ ಸುಮ್ಮನೆ ಅಳಿಸಿದರೆ ಅನೇಕ ವೇಳೆ ಪುಸ್ತಕದ ವಿಷಯಸೂಚಿಕೆಯ ಹಾಳೆಯನ್ನು ಮಾತ್ರ ಹರಿದಂತಾಗುತ್ತದೆ. ಅಧ್ಯಾಯಗಳು ಒಳಗೆ ಹಾಗೆಯೇ ಇರುತ್ತವೆ. ಹಳೆಯ ಕಂಪ್ಯೂಟರನ್ನೂ ಫೋನನ್ನೂ ಗುಜರಿಗೆ ಮಾರುವ ಮುಂಚೆ ಅದರ ನೆನಪಿನ ಭಾಗವನ್ನು ತಿಳಿದವರಿಂದ ಪೂರ್ತಿಯಾಗಿ ಅಳಿಸಿಸಬೇಕು, ಇಲ್ಲವೇ ತೆಗೆದು ಒಡೆಯಬೇಕು.

ಇಷ್ಟೆಲ್ಲ ಎಚ್ಚರಿಕೆಯ ಮೇಲೂ ವಿವರಗಳು ಸೋರಿದರೆ? ಮುಚ್ಚಿಡೋಣ ಎಂಬುದೇ ಮನಸ್ಸಿಗೆ ಮೊದಲು ಬರುವ ಆಲೋಚನೆ. ಹೆಸರು ಕೆಡುವುದೆಂಬ ಹೆದರಿಕೆಯು ಸಹಜವಾದುದೇ. ಆದರೂ ಸುದ್ದಿಯನ್ನು ಮುಚ್ಚಿಟ್ಟಷ್ಟು ದಿವಸವೂ ನಷ್ಟಪಡುವವರು ಗಿರಾಕಿಗಳು. ತಿಳಿದಿದ್ದರೆ ತಾಯಿಯು ಮಗಳಿಗೆ ಎಚ್ಚರಿಕೆ ಹೇಳುತ್ತಿದ್ದಳು, ಗುರುತಿಲ್ಲದ ಕರೆಗಳನ್ನು ತಾನೇ ತೆಗೆದುಕೊಳ್ಳುತ್ತಿದ್ದಳು, ನಂಬರನ್ನಾದರೂ ಬದಲಾಯಿಸುತ್ತಿದ್ದಳು. ಇದಕ್ಕೋಸ್ಕರವೇ ಕಾನೂನು ಕಾಲಮಿತಿಯನ್ನು ಇಟ್ಟಿದೆ. ಕಂಪ್ಯೂಟರುಗಳಿಗೆ ಆಗುವ ಆಕ್ರಮಣಗಳನ್ನು ನೋಡಿಕೊಳ್ಳುವ ಕೇಂದ್ರಸರ್ಕಾರದ ಸಂಸ್ಥೆಯಾದ ಸರ್ಟ್-ಇನ್, ೨೦೨೨ನೆಯ ಏಪ್ರಿಲ್ ೨೮ರಂದು ಹೊರಡಿಸಿದ ಆಜ್ಞೆಯಲ್ಲಿ, ಇಂಥ ಘಟನೆಯು ತಿಳಿದ ಆರು ಗಂಟೆಗಳೊಳಗೆ ತನಗೆ ವರದಿಮಾಡಬೇಕೆಂದು ಹೇಳಿದೆ. ಹೊಸ ನಿಯಮಗಳು ಪೂರ್ತಿ ಜಾರಿಯಾದಮೇಲೆ, ಯಾರ ಯಾರ ವಿವರವು ಸೋರಿತೋ ಅವರೆಲ್ಲರಿಗೂ ತಡಮಾಡದೆ ತಿಳಿಸಬೇಕು; ಇದಕ್ಕಾಗಿಯೇ ನೇಮಕವಾಗುವ ಮಂಡಲಿಗೂ ಒಡನೆಯೇ ತಿಳಿಸಿ, ೭೨ ಗಂಟೆಗಳೊಳಗೆ ಸವಿಸ್ತಾರವಾದ ವರದಿಯನ್ನು ಕೊಡಬೇಕು. ಏನಾಯಿತು, ಅದರಿಂದ ಏನಾದೀತು, ಗಿರಾಕಿಯು ಈಗ ಏನು ಮಾಡಬೇಕು, ವಿಚಾರಿಸಲು ಯಾರನ್ನು ಕರೆಯಬೇಕು ಎಂಬ ನಾಲ್ಕು ಸಂಗತಿಗಳು ತಾಯಿಗೆ ಬರೆಯುವ ಪತ್ರದಲ್ಲಿ ಅವಶ್ಯವಾಗಿ ಇರತಕ್ಕವು.

ಹೈಸ್ಕೂಲಿನ ಮಕ್ಕಳ ವಿಷಯದಲ್ಲಿ ಕಾಯಿದೆಯು ಇನ್ನೂ ಬಿಗಿಯಾಗಿದೆ. ಅದರ ದೃಷ್ಟಿಯಲ್ಲಿ ಹದಿನೆಂಟು ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ವಿವರವನ್ನು ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಒಪ್ಪಿದವರು ನಿಜವಾಗಿಯೂ ಹಿರಿಯರೇ ಎಂಬುದನ್ನು ಕಂಪನಿಯು ಖಚಿತಪಡಿಸಿಕೊಳ್ಳಬೇಕು. ಮಕ್ಕಳ ನಡೆಯನ್ನು ಹಿಂಬಾಲಿಸಿ ನೋಡಿ ಅವರಿಗೆ ಗುರಿಯಿಟ್ಟು ಜಾಹೀರಾತುಗಳನ್ನು ತೋರಿಸಲಾಗದು. ಸಮವಸ್ತ್ರಕ್ಕೆಂದು ಕೊಟ್ಟ ನಂಬರಿಗೆ ಟ್ಯೂಶನ್ ಕ್ಲಾಸಿನವರಿಂದಲೋ ಸೌಂದರ್ಯಸಾಧನಗಳ ಅಂಗಡಿಯಿಂದಲೋ ಕರೆ ಬಂದರೆ, ನಂಬರು ನಿಮಗೆ ಎಲ್ಲಿಂದ ಬಂತೆಂದು ಕೇಳಲು ತಾಯಿತಂದೆಗಳು ಸಂಕೋಚಪಡಬಾರದು. ಅಂಗಡಿಯಲ್ಲಿ ಬಿಲ್ಲು ಮಾಡುವಾಗ ಫೋನ್ ನಂಬರನ್ನು ಕೇಳಿದರೆ, ಅದು ಕಡ್ಡಾಯವೇ ಎಂದು ನಯವಾಗಿ ವಿಚಾರಿಸಬಹುದು. ಹೇಳಲಿಲ್ಲವೆಂದು ಸಾಮಾನನ್ನು ಕೊಡದಿರುವುದು ನ್ಯಾಯವಲ್ಲ.

ಗಿರಾಕಿಗೆ ಕೊಡುವ ತಿಳಿವಳಿಕೆಯು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಶಿಷ್ಟದ ೨೨ ಭಾಷೆಗಳಲ್ಲಿ ಯಾವುದರಲ್ಲಾಗಲಿ ದೊರೆಯಬೇಕೆಂದು ಕಾಯಿದೆಯಲ್ಲಿದೆ. ಕನ್ನಡವೂ ಅವುಗಳಲ್ಲಿ ಒಂದು. ವಕೀಲರ ಭಾಷೆಯ ಹತ್ತು ಪುಟಗಳು ಯಾರಿಗೂ ಬೇಕಿಲ್ಲ. ನಮ್ಮ ಹೊಲಿಗೆಯ ಕಂಪನಿಯು ಮೇಜಿನ ಮುಂದೆ ತೂಗುಹಾಕತಕ್ಕ ಫಲಕವು ಹೀಗಿದ್ದರೆ ಸಾಕೆಂದು ನಮಗೆ ತೋರುತ್ತದೆ:

‘ನಿಮ್ಮ ಮಗಳ ಹೆಸರು, ತರಗತಿ, ಅಳತೆ, ನಿಮ್ಮ ಫೋನ್ ನಂಬರು ಇಷ್ಟನ್ನೇ ನಾವು ಬರೆದುಕೊಳ್ಳುತ್ತೇವೆ. ಇವು ಸಮವಸ್ತ್ರವನ್ನು ಹೊಲಿದು ಒಪ್ಪಿಸುವುದಕ್ಕೆ ಮಾತ್ರ, ಮತ್ತಾರಿಗೂ ಕೊಡುವುದಿಲ್ಲ. ಅಳತೆಯನ್ನು ಹೆಂಗಸರೇ ತೆಗೆಯುವರು. ಚೀಟಿಯ ಮೇಲೆ ಹೆಸರಿರುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಅಳತೆಗಳನ್ನು ಅಳಿಸಿಬಿಡುತ್ತೇವೆ. ಬಿಲ್ಲನ್ನು ತೆರಿಗೆಯ ಕಾಯಿದೆಗಾಗಿ ಇಟ್ಟುಕೊಳ್ಳುತ್ತೇವೆ. ನಿಮ್ಮ ವಿವರವನ್ನು ನೋಡಬೇಕಾದರೂ ತಿದ್ದಬೇಕಾದರೂ ಮುಂಚೆಯೇ ಅಳಿಸಬೇಕಾದರೂ ಯಜಮಾನಿಯವರನ್ನು ಕೇಳಿರಿ. ಫೋಟೋ ಕಳುಹಿಸಬೇಡಿರಿ; ಅಂಗಿಯನ್ನೇ ತನ್ನಿರಿ, ನೋಡಿ ಸರಿಮಾಡಿಕೊಡುತ್ತೇವೆ.’